ಮೋಡದ ಮಾತು

ಗಂಟಲಣ್ಣ ಮೋಡದ ಮಾತು ಎತ್ತಿದನೆಂದರೆ ಯಾರದೋ ಮನೆಯ ದೀಪ ಆರಿತು ಎಂದೇ ಅರ್ಥ. ಕಾರ್ ರೇಸಿನ ಚಾಲಕರ ಹೆಂಡಂದಿರಿಗೆ ಇದು ಗೊತ್ತಿತ್ತು, ತಾಯಂದಿರಿಗೆ ಗೊತ್ತಿತ್ತು, ಕೈಗೆ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ಕುಗಳಿಗೂ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಉಂಡು ಟೀವಿ ಮುಂದೆ ಕಾಲು ಚಾಚಿ ಕೂರುವವರಲ್ಲೂ ಕೆಲವರು ಇದನ್ನು ಪತ್ತೆ ಹಚ್ಚಿದ್ದರು. ಗೊತ್ತಿಲ್ಲದಿದ್ದವನು ಒಬ್ಬನೇ, ಅದೂ ಸ್ವತಃ ಗಂಟಲಣ್ಣ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೊದಲು ಅವನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ಹೊರಟಿತು, ಯಾವುದು ಕೆಟ್ಟು ನಿಂತಿದೆ ಎಂದು ಕೂಗುವ ಕೆಲಸದಲ್ಲಿದ್ದ. ಆ ಗದ್ದಲದಲ್ಲಿ ಗಂಟಲು ಚೆನ್ನಾಗಿ ಪಳಗಿತು. ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಮೈಕಿನವನಿಗೆ ಧ್ವನಿ ಕಟ್ಟಿಹೋದ ಒಂದು ದಿನ ಯಾರೋ ಇವನನ್ನು ಎಳೆದುಕೊಂಡು ಹೋಗಿ ಕೂರಿಸಿದರು. ಕಾರುಗಳ ಬಗ್ಗೆ ಅವನಿಗೆ ಆಗ ಗೊತ್ತಿದ್ದದ್ದು ಸೊನ್ನೆ. ಯಾವುದು ಬಂತು, ಯಾವುದು ಹೋಯಿತು, ಯಾವುದು ಕೆಟ್ಟು ನಿಂತಿತು ಎಂದು ಬಸ್ಸಿನ ಧಾಟಿಯಲ್ಲೇ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ವಾರವೂ ಅವನೇ ಬೇಕೆಂದರು. ಕೆಲವು ವರ್ಷಗಳ ಮೇಲೆ ಟೀವಿಯವರು ಬಂದು ರೇಸುಗಳನ್ನು ನೇರವಾಗಿ ತೋರಿಸತೊಡಗಿದಾಗ ಟ್ರ್ಯಾಕಿನ ಜೊತೆಗೆ ಅವನನ್ನೂ ತೆಗೆದುಕೊಂಡರು. ಮದುವೆಯ ಯೋಗ ಮಾತ್ರ ಕೂಡಿ ಬರಲಿಲ್ಲ. ಶನಿವಾರ ಭಾನುವಾರ ಮನೆಯಲ್ಲೇ ಇರದವನಿಗೆ ಹೆಣ್ಣು ಕೊಡುವ ಪುಣ್ಯಾತ್ಮರು ಯಾರು? ಅವನಿಗೆ ಮನೆ ಅಂತ ಇದ್ದದ್ದು ತಂಗಿಯ ಮನೆ.

ಅವನು ಕೂತು ಮಾತಾಡುತ್ತಿದ್ದ ಪೆಟ್ಟಿಗೆಯಂಥ ಕೋಣೆ ಗ್ಯಾಲರಿಯ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿತ್ತು. ಎದುರಿಗೆ ದೊಡ್ಡ ಗಾಜು, ಗಾಜಿನ ಕೆಳಗೆ ಎರಡು ಟೀವಿ ಪರದೆ, ಒಂದು ಮೈಕು, ಬಿಸಿನೀರಿನ ಫ್ಲಾಸ್ಕು. ಬೆನ್ನ ಹಿಂದೆ ಒಂದು ಸಣ್ಣ ಕಿಟಕಿ. ಅದರಿಂದ ಇಣುಕಿದರೆ ಕೆರೆ, ಕೆರೆಯನ್ನು ಬಳಸಿಕೊಂಡು ಹೋಗುವ ಟ್ರ್ಯಾಕಿನ ದೂರದ ತಿರುವು, ಅದರಾಚೆ ಬರೀ ಆಕಾಶ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ನಿರ್ದೇಶಕಿಯ ದನಿ ಸದಾ ಬರುತ್ತಿತ್ತು. ಆಕೆ ಕೆಳಗೆ ನಿಲ್ಲಿಸಿದ ವ್ಯಾನಿನಲ್ಲಿ ಕೂತು ಯಾವ ಕ್ಯಾಮೆರಾದ ಚಿತ್ರ ಮನೆಮನೆಗೆ ಹೋಗಬೇಕೆಂದು ತೀರ್ಮಾನಿಸುವವಳು. ತನ್ನ ಕಿವಿಯಲ್ಲೇ ಬಿಡಾರ ಹೂಡಿದ್ದಾಳೆಂದು ಅವಳಿಗೆ ಕಿವಿಯಮ್ಮ ಎಂದು ಹೆಸರಿಟ್ಟಿದ್ದ.

ಅಪಘಾತವಾದಾಗ ಏನು ಮಾಡಬೇಕೆಂಬುದಕ್ಕೆ ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಚಾಲಕ ಎದ್ದು ಬಂದು ಕೈ ಬೀಸಿದರೆ ಅವನ ಹೆಸರು ಹೇಳಬಹುದು, ಸಂತೋಷಪಡಬಹುದು. ಎದ್ದು ಬರಲಿಲ್ಲವೋ, ಹೆಸರು ಎತ್ತುವಂತಿಲ್ಲ, ಏನಾಗಿರಬಹುದೆಂದು ಊಹಿಸುವಂತಿಲ್ಲ. ಕ್ಯಾಮೆರಾ ಹಿಂದೆ ಸರಿದು ಇಡೀ ಟ್ರ್ಯಾಕನ್ನು ದೂರದಿಂದ ತೋರಿಸುತ್ತದೆ. ಆಗ ಮಾತು ಮಾತ್ರ ನಿಲ್ಲಬಾರದು, ನಿಂತರೆ ನೋಡುವವರ ಎದೆ ಒಡೆಯುತ್ತದೆ. ಟೀವಿಗೆ ಬಂದ ಮೊದಲ ವರ್ಷವೇ ಒಂದು ಕಾರು ತಲೆಕೆಳಗಾಗಿ ಬಿತ್ತು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಗಂಟಲಣ್ಣ ಅವುಗಳನ್ನೇ ನೋಡುತ್ತಾ ಕೂತ.

"ಮಾತಾಡಿ," ಎಂದಳು ಕಿವಿಯಮ್ಮ. "ಮನೆಯವರು ನೋಡ್ತಿರ್ತಾರೆ. ಏನಾದ್ರೂ ಹೇಳ್ತಾ ಇರಿ."

ಏನು ಹೇಳುವುದು? ಅವನು ತಿರುಗಿ ಹಿಂದಿನ ಕಿಟಕಿ ನೋಡಿದ. "ಕೆರೆಯ ಮೇಲೆ ಒಂದಿಷ್ಟು ಮೋಡ ಕೂಡಿಕೊಳ್ಳುತ್ತಿದೆ, ಗಾಳಿ ಆ ಕಡೆಯಿಂದಲೇ ಬೀಸುತ್ತಿದೆ," ಎಂದು ಶುರು ಮಾಡಿದ. ಆಂಬುಲೆನ್ಸ್ ಬಾಗಿಲು ಮುಚ್ಚುವವರೆಗೂ ಮೋಡದ ಬಣ್ಣ, ಮೋಡದ ಎತ್ತರ ಎಂದು ಹೇಳುತ್ತಲೇ ಇದ್ದ. ಆ ಚಾಲಕ ಉಳಿಯಲಿಲ್ಲ. ಅಂದಿನಿಂದ ಅಂಥ ಗಳಿಗೆ ಬಂದಾಗಲೆಲ್ಲ ಅವನ ಕತ್ತು ತಾನಾಗಿಯೇ ಆ ಸಣ್ಣ ಕಿಟಕಿಯ ಕಡೆ ತಿರುಗುತ್ತಿತ್ತು. ತಾನು ಬಲು ನಾಜೂಕಾಗಿ ಎಲ್ಲವನ್ನೂ ಮರೆಮಾಚುತ್ತಿದ್ದೇನೆಂದು ಅವನು ನಂಬಿದ್ದ, ಪಾಪ.

ಅವನ ಕಣ್ಣು ತೆರೆಸಿದವಳು ಒಬ್ಬ ಚಾಲಕನ ಹೆಂಡತಿ. ಗಂಡನ ಹೆಲ್ಮೆಟ್ಟು, ಬೂಟು ತೆಗೆದುಕೊಂಡು ಹೋಗಲು ಗ್ಯಾರೇಜಿಗೆ ಬಂದಿದ್ದಳು. ಗಂಟಲಣ್ಣ ಎದುರಿಗೆ ಸಿಕ್ಕು, ಕೈಮುಗಿದು ನಿಂತ. ಅವಳೇ ಮಾತಾಡಿದಳು.

"ನೀವು ಮೋಡ ಅಂದ್ರಲ್ಲ ಸಾರ್, ಆಗ್ಲೇ ನಾನು ಒಲೆ ಆರಿಸಿ, ಸೀರೆ ಬದಲಾಯಿಸಿ ಕೂತೆ. ಫೋನ್ ಬಂದಿದ್ದು ಆಮೇಲೆ."

ಮಾರನೆಯ ದಿನ ಚಾನೆಲ್ಲಿನಲ್ಲಿ ಹಳೆಯ ಟೇಪುಗಳನ್ನು ಹಾಕಿಸಿಕೊಂಡು ಕೇಳಿದ. ಚಾಲಕ ಏಳದ ಒಂದು ಅಪಘಾತದಲ್ಲೂ ಮೋಡ ತಪ್ಪಿರಲಿಲ್ಲ. ಮೋಡವಿದ್ದ ದಿನವೂ ಮೋಡ, ನೆತ್ತಿ ಸುಡುವ ಬಿಸಿಲಿನ ದಿನವೂ ಮೋಡ. ನೇರ ತಂಗಿಯ ಮನೆಗೆ ಹೋದ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನೆಲದ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಿದ್ದಳು.

"ನಿನಗೂ ಗೊತ್ತಿತ್ತಾ?" ಎಂದು ಕೇಳಿದ.

"ಯಾರಿಗೆ ಗೊತ್ತಿಲ್ಲ ಅಣ್ಣ?" ಅವಳು ಕತ್ತರಿ ನಿಲ್ಲಿಸಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಮೋಡ ಬಿಟ್ಟು ಇನ್ನೊಂದೇನೋ ಹಿಡ್ಕೋತಿದ್ದೆ. ಇದಾದ್ರೆ ಎಲ್ರಿಗೂ ಅಭ್ಯಾಸ ಆಗಿದೆ."

ಅಣ್ಣ ತಂಗಿ ಇಬ್ಬರೂ ನಕ್ಕರು. ಆದರೆ ಆ ನಗು ಬೇಗ ಸತ್ತಿತು. ಯಾಕೆಂದರೆ ಒಳಕೋಣೆಯಲ್ಲಿ ಅವಳ ಮಗ ಹೊಸ ಹೆಲ್ಮೆಟ್ಟನ್ನು ತಲೆಗೆ ಹಾಕಿ ತೆಗೆದು, ತೆಗೆದು ಹಾಕಿ ನೋಡುತ್ತಿದ್ದ.

ಅಳಿಯನಿಗೆ ಈ ಹುಚ್ಚು ಹಿಡಿದದ್ದು ಮಾವನಿಂದಲೇ ಎಂದು ತಂಗಿ ದೂರುತ್ತಿದ್ದಳು, ಅದು ಸುಳ್ಳೂ ಅಲ್ಲ. ಗಂಡ ತೀರಿಕೊಂಡ ಮೇಲೆ ಮಗನನ್ನು ಅವಳು ಹೊಲಿಗೆ ಯಂತ್ರದ ಸದ್ದಿನಲ್ಲೂ ಅಣ್ಣನ ಟೀವಿ ದನಿಯಲ್ಲೂ ಬೆಳೆಸಿದ್ದಳು. ಹುಡುಗ ದೊಡ್ಡವನಾಗಿ ಪಾನಾ ಮೇಸ್ತ್ರಿಯ ಗ್ಯಾರೇಜು ಸೇರಿದ. ಸದಾ ಜೇಬಿನಲ್ಲಿ ಬೋಲ್ಟು ಬಿಗಿಯುವ ಪಾನಾ ಇಟ್ಟುಕೊಂಡು ತಿರುಗುವ ಆ ಮನುಷ್ಯ ಒಂದು ಬಡ ರೇಸ್ ತಂಡವನ್ನು ಹೇಗೋ ತೂಗಿಸಿಕೊಂಡು ಬಂದಿದ್ದ. ಎರಡು ವರ್ಷ ಬೋಲ್ಟು ಬಿಗಿದ ಹುಡುಗನನ್ನು ಒಂದು ದಿನ ಕಾರಿನೊಳಗೆ ಕೂರಿಸಿದ. ಕೈ ಚೆನ್ನಾಗಿತ್ತು, ಕಾರು ಚೆನ್ನಾಗಿರಲಿಲ್ಲ. ಹಾಗಾಗಿ ಅಳಿಯ ಸದಾ ಹಿಂದಿನ ಸಾಲಿನಲ್ಲೇ ಓಡುತ್ತಿದ್ದ, ಟೀವಿಯಲ್ಲಿ ಕಾಣಿಸುವುದೇ ಅಪರೂಪವಾಗಿತ್ತು.

"ನನ್ನ ಹೆಸರು ಒಂದ್ಸಲನಾದ್ರೂ ಹೇಳಿ ಮಾವ," ಎಂದು ಕಾಡುತ್ತಿದ್ದ. "ಬರೀ ಮುಂದೆ ಇರೋರ ಭಜನೆ ಮಾಡ್ತೀರಲ್ಲ."

"ಮುಂದೆ ಬಾರೋ, ಮಾಡ್ತೀನಿ," ಎನ್ನುತ್ತಿದ್ದ ಮಾವ.

ಪಾನಾ ಮೇಸ್ತ್ರಿಗೂ ಗಂಟಲಣ್ಣನಿಗೂ ಇನ್ನೊಂದು ಬಗೆಯ ನಂಟಿತ್ತು. ದೊಡ್ಡ ತಂಡಗಳು ಮಳೆ ಯಾವಾಗ ಬರುತ್ತದೆಂದು ಹೇಳಲಿಕ್ಕೇ ಆಳು ಇಟ್ಟುಕೊಂಡಿದ್ದವು. ಬಡ ತಂಡಕ್ಕೆ ಅದೆಲ್ಲಿ ಬರಬೇಕು? ಗ್ಯಾರೇಜುಗಳು ಗ್ಯಾಲರಿಯ ಬುಡದಲ್ಲಿದ್ದವು, ಅಲ್ಲಿಂದ ಕೆರೆಯ ಕಡೆಯ ಆಕಾಶ ಒಂದು ಚೂರೂ ಕಾಣುತ್ತಿರಲಿಲ್ಲ. ಮೇಸ್ತ್ರಿ ಒಂದು ಹಳೆಯ ಟೀವಿಯನ್ನು ಟೈರುಗಳ ಮೇಲಿಟ್ಟು, ದನಿ ಜೋರು ಮಾಡಿ, ಗಂಟಲಣ್ಣನ ಮಾತಿಗೆ ಕಿವಿಗೊಟ್ಟು ನಿಂತಿರುತ್ತಿದ್ದ. ಅಪಘಾತವೇ ಇಲ್ಲದೆ ಗಂಟಲಣ್ಣ ಮೋಡ ಎಂದನೋ, ತಕ್ಷಣ ಕಾರನ್ನು ಒಳಗೆ ಕರೆದು ನುಣುಪು ಟೈರು ಬಿಚ್ಚಿ ಗೆರೆಯಿರುವ ಮಳೆ ಟೈರು ಹಾಕಿಸುತ್ತಿದ್ದ. "ನಮ್ಮ ಹವಾಮಾನ ಇಲಾಖೆ ನೀವೇ ಸಾರ್," ಎಂದು ಚಹಾ ಕೊಡಿಸುತ್ತಿದ್ದ.

ಅಳಿಯ ರೇಸು ಓಡಿಸತೊಡಗಿದ ಎರಡನೆಯ ವರ್ಷ ಬೇರೆ ಯಾವನೋ ಚಾಲಕ ಗೋಡೆಗೆ ಹೋಗಿ ಗುದ್ದಿದ. ಏಳಲಿಲ್ಲ. ಎಷ್ಟು ತಡೆದುಕೊಂಡರೂ ಗಂಟಲಣ್ಣನ ಕತ್ತು ಕಿಟಕಿಯ ಕಡೆ ಹೊರಳಿತು, ಬಾಯಿಂದ ಮೋಡ ಬಂತು. ಮನೆಯಲ್ಲಿ ತಂಗಿ ಯಂತ್ರದ ಮುಂದೆ ಕೂತಿದ್ದಳು. ಪರದೆಯ ಮೇಲೆ ಹೊಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬಿದ್ದವನು ತನ್ನ ಮಗನೇ ಎಂದು ಅವಳ ಜೀವ ಹಾರಿತು. ಓಡುತ್ತಿದ್ದ ಸೂಜಿ ಬೆರಳಿನೊಳಗೆ ಇಳಿಯಿತು, ಅವಳು ಯಂತ್ರವನ್ನೂ ಎಳೆದುಕೊಂಡು ಬಿದ್ದಳು. ಬೆರಳು ವಾಸಿಯಾಯಿತು. ಆದರೆ ಎದೆಯ ಬಡಿತ ಕೇಳಿದ ಡಾಕ್ಟರು ಗಂಟಲಣ್ಣನನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗೆ ಬೆಚ್ಚಿಬಿದ್ದರೆ ತಾವು ಯಾವ ಭರವಸೆಯನ್ನೂ ಕೊಡಲಾರೆವು ಎಂದರು.

"ಟೀವಿ ಹಾಕಬೇಡ," ಎಂದ ಅಣ್ಣ.

"ಹಾಕದೆ ಇದ್ರೆ ಇನ್ನೂ ಬೇಗ ಸಾಯ್ತೀನಿ. ನಂಗೊಂದು ಮಾತು ಕೊಡು. ನನ್ನ ಮಗ ಓಡಿಸೋ ದಿನ ಆಕಾಶದ ಸುದ್ದಿಗೇ ಹೋಗಬೇಡ. ಮೋಡ, ಮಳೆ, ಗಾಳಿ, ಒಂದೂ ಬೇಡ. ಹೇಳಲೇಬೇಕು ಅಂದ್ರೆ, ಅವನನ್ನ ಟೀವೀಲಿ ತೋರಿಸ್ತಾ ಇರೋವಾಗ ಹೇಳು. ಅವನು ಕಣ್ಣಿಗೆ ಕಾಣ್ತಿದ್ರೆ ನಂಗೆ ಭಯ ಇಲ್ಲ."

ಅವನು ಅವಳ ಬ್ಯಾಂಡೇಜು ಸುತ್ತಿದ ಕೈ ಹಿಡಿದು ಮಾತು ಕೊಟ್ಟ. ಕೊಟ್ಟ ಮಾತನ್ನು ಪಾನಾ ಮೇಸ್ತ್ರಿಗೂ ತಿಳಿಸಬೇಕೆಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಆದರೆ ಇಷ್ಟು ವರ್ಷ ಮೈಕಿನ ಮುಂದೆ ಗುಡುಗಿದವನು ತಂಗಿಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆಂದು ಗ್ಯಾರೇಜಿನಲ್ಲಿ ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ. ಮುಂದಿನ ವಾರ ಬಿಸಿಲಿತ್ತು, ಅದರ ಮುಂದಿನ ವಾರವೂ ಬಿಸಿಲಿತ್ತು. ಬಿಸಿಲು ಮನುಷ್ಯನನ್ನು ಹೀಗೇ ಹಾಳು ಮಾಡುತ್ತದೆ.

ಆ ಭಾನುವಾರವೂ ಬೆಳಗಿನಿಂದ ಬಿಸಿಲೇ. ಸಣ್ಣ ರೇಸು, ಹಾಗಾಗಿ ದೊಡ್ಡ ರೇಸುಗಳಿಗೆ ಪಕ್ಕದಲ್ಲಿ ಕೂತು ಮಾತಾಡುವ ಹಳೆಯ ಚಾಲಕ ಬಂದಿರಲಿಲ್ಲ. ಗಂಟಲಣ್ಣ ಒಬ್ಬನೇ ಇದ್ದ. ಮುಂದಿನ ಇಬ್ಬರು ಒಬ್ಬರ ಬಾಲ ಒಬ್ಬರು ಹಿಡಿದು ಓಡುತ್ತಿದ್ದರು, ಕ್ಯಾಮೆರಾಗಳೆಲ್ಲ ಅವರ ಮೇಲೇ ಇದ್ದವು. ಅಳಿಯ ಎಂದಿನಂತೆ ಹಿಂದೆಲ್ಲೋ. ರೇಸು ಅರ್ಧ ಮುಗಿದಿರಬೇಕು, ಕುತ್ತಿಗೆಯ ಹಿಂದೆ ತಣ್ಣಗೆ ಗಾಳಿ ತಾಗಿತು. ಹಿಂದಿನ ಕಿಟಕಿಯ ರೆಕ್ಕೆ ತಾನಾಗಿ ಬಡಿದುಕೊಂಡಿತು. ತಿರುಗಿ ನೋಡಿದ.

ಕೆರೆಯಾಚೆಯ ಆಕಾಶ ಇರಲೇ ಇಲ್ಲ. ಇದ್ದದ್ದು ಕಪ್ಪು. ಅದು ನೀರಿನ ಮೇಲೆ ಓಡಿ ಬರುತ್ತಿತ್ತು, ಅದರ ಕೆಳಗೆ ಕೆರೆಯ ಬಣ್ಣ ಸರಸರನೆ ಬದಲಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಅಲ್ಲಿ ಇಲ್ಲದ ಮೋಡಗಳನ್ನೆಲ್ಲ ಅವನು ಜನರಿಗೆ ಬಣ್ಣಿಸಿದ್ದ. ಈಗ ನಿಜವಾದದ್ದು ಬಂದಿತ್ತು.

ಮಾತು ನಾಲಿಗೆಯ ತುದಿಗೆ ಬಂತು. ಪರದೆಯ ಕಡೆ ನೋಡಿದ. ಅಲ್ಲಿ ಮುಂದಿನ ಇಬ್ಬರೇ ಇದ್ದರು, ಅಳಿಯನ ಸುಳಿವಿರಲಿಲ್ಲ. ಈಗ ಮೋಡ ಎಂದರೆ ತಂಗಿ ಏನೆಂದುಕೊಳ್ಳುತ್ತಾಳೆ? ಅವಳು ಕುರ್ಚಿಯಿಂದ ಏಳುವುದು, ಎದೆ ಹಿಡಿದುಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತು. ಒಂದೇ ಒಂದು ಕ್ಷಣ ಅಳಿಯನ ಕಾರನ್ನು ತೋರಿಸಿಬಿಟ್ಟರೆ ಸಾಕು, ಅವನನ್ನು ಕಂಡು ಅವಳು ನಿರಾಳವಾಗುತ್ತಾಳೆ, ಆಗ ಮೋಡ ಎಂದರೆ ಮೇಸ್ತ್ರಿಗೂ ತಲುಪುತ್ತದೆ. ಅವನು ಮೈಕಿನ ಗುಂಡಿ ಒತ್ತಿ, ವ್ಯಾನಿಗೆ ಮಾತ್ರ ಕೇಳುವಂತೆ ಹೇಳಿದ.

"ನಮ್ಮ ಹುಡುಗನ ಕಾರು ಒಂದ್ಸಲ ತೋರಿಸಮ್ಮ."

"ಈಗಲಾ? ಹಿಂದಿರೋ ಕಾರು ಯಾಕೆ? ಇಲ್ಲಿ ಮುಂದೆ ಹೇಗೆ ಕಚ್ಚಾಡ್ತಿದ್ದಾರೆ ನೋಡಿ."

"ಒಂದೇ ಒಂದ್ಸಲ. ಕೈ ಮುಗೀತೀನಿ."

"ಈ ಸುತ್ತು ಮುಗೀಲಿ, ತೋರಿಸ್ತೀನಿ."

ಒಂದು ಸುತ್ತು ತಾನೇ ಎಂದುಕೊಂಡ. ಗಾಜಿನ ಕೆಳಗೆ ಅಳಿಯನ ಕಾರು ಗ್ಯಾರೇಜಿಗೆ ತಿರುಗುವ ದಾರಿಯನ್ನು ಬಿಟ್ಟು ನೇರವಾಗಿ ಮುಂದಕ್ಕೆ ಹಾರಿಹೋಯಿತು. ಅದರ ಬೆನ್ನಿಗೇ ಬಂದ ದೊಡ್ಡ ತಂಡದ ಕಾರೊಂದು ತಟಕ್ಕನೆ ಗ್ಯಾರೇಜಿನ ದಾರಿ ಹಿಡಿಯಿತು. ಅವರಿಗೆ ಸುದ್ದಿ ಮುಟ್ಟಿತ್ತು. ಮುಂದಿನವರ ಕಚ್ಚಾಟದ ಬಗ್ಗೆ ಬಾಯಿ ತನ್ನಷ್ಟಕ್ಕೆ ಮಾತಾಡುತ್ತಲೇ ಇತ್ತು, ಮನಸ್ಸು ಪರದೆಯನ್ನು ಬೇಡಿಕೊಳ್ಳುತ್ತಿತ್ತು.

"ತಗೊಳ್ಳಿ, ನಿಮ್ಮ ಹುಡುಗ," ಎಂದಳು ಕಿವಿಯಮ್ಮ.

ಪರದೆ ಬದಲಾಯಿತು. ಅಳಿಯನ ಕಾರು ಕೆರೆಯ ಪಕ್ಕದ ದೂರದ ತಿರುವಿಗೆ ಇಳಿಯುತ್ತಿತ್ತು. ಗಂಟಲಣ್ಣ ಮೊದಲು ಅವನ ಹೆಸರು ಹೇಳಿದ, ಜೋರಾಗಿ, ಸಂತೋಷದಿಂದ, ತಂಗಿಗೆ ಕೇಳಲಿ ಎಂದು. ಆಮೇಲೆ ಮೋಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ತಿರುವಿನ ರಸ್ತೆ ಒಮ್ಮೆಲೇ ಹೊಳೆಯಿತು. ಮಳೆ ಅಲ್ಲಿಗೆ ಮೊದಲು ತಲುಪಿತ್ತು. ನುಣುಪು ಟೈರುಗಳಿಗೆ ನೆಲ ಸಿಗಲಿಲ್ಲ. ಕಾರು ಅಡ್ಡಕ್ಕೆ ತಿರುಗಿ, ಹುಲ್ಲು ದಾಟಿ, ಬೇಲಿಗೆ ಬಡಿಯಿತು.

ಕ್ಯಾಮೆರಾ ಹಿಂದೆ ಸರಿಯಿತು. "ಮಾತಾಡಿ," ಎಂದಳು ಕಿವಿಯಮ್ಮ.

ಅವನು ಮಾತಾಡಿದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಕತ್ತು ಕಿಟಕಿಯ ಕಡೆ ತಿರುಗಲಿಲ್ಲ. ಟ್ರ್ಯಾಕು ಯಾವಾಗ ಕಟ್ಟಿದ್ದು, ಬೇಲಿಗೆ ಏನೇನು ಬಳಸುತ್ತಾರೆ, ಚಾಲಕರ ಅಂಗಿ ಎಂಥ ಬಟ್ಟೆಯದು ಎಂದೆಲ್ಲ ಹೇಳಿದ. ಗಾಜಿನ ಮೇಲೆ ನೀರು ಧೋ ಎಂದು ಸುರಿಯುತ್ತಿತ್ತು, ಗ್ಯಾಲರಿಯ ತುಂಬ ಛತ್ರಿಗಳು ಬಿಚ್ಚಿಕೊಂಡಿದ್ದವು. ನೋಡುತ್ತಿದ್ದವರಿಗೆಲ್ಲ ಮಳೆ ಕಾಣುತ್ತಿತ್ತು. ಕಾಮೆಂಟರಿ ಹೇಳುವವನು ಮಾತ್ರ ಮಳೆಯ ಸುದ್ದಿಯನ್ನೇ ಎತ್ತಲಿಲ್ಲ. ಆಂಬುಲೆನ್ಸ್ ಹೊರಟ ಮೇಲೆ ಮೈಕು ಕೆಳಗಿಟ್ಟು, ಮೆಟ್ಟಿಲುಗಳನ್ನು ಎಡವಿಕೊಂಡು ಇಳಿದ.

ಆಸ್ಪತ್ರೆಯ ಪಡಸಾಲೆಯಲ್ಲಿ ಪಾನಾ ಮೇಸ್ತ್ರಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಗಂಟಲಣ್ಣನನ್ನು ಕಂಡರೂ ಏಳಲಿಲ್ಲ.

"ಮೋಡ ನಿಮಗೂ ಕಾಣ್ಸಿಲ್ವಾ ಸಾರ್?" ಎಂದ. ಅದರಲ್ಲಿ ಆರೋಪವಿರಲಿಲ್ಲ, ಅದೇ ಸಹಿಸಲಾಗದ್ದು. "ಇವತ್ತು ಗಾಳಿ ಯಾಕೋ ಬೇರೆ ಥರ ಇದೆ ಅಂತ ಅನುಮಾನ ಬಂತು. ಮಳೆ ಟೈರು ಹೊರಗೆ ತೆಗೆದಿಟ್ಟಿದ್ದೆ. ನಿಮ್ಮ ಬಾಯನ್ನೇ ಕಾಯ್ತಾ ಕೂತಿದ್ದೆ."

ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದು, ತಲೆ ಅಲ್ಲಾಡಿಸಿದರು. ಹುಡುಗ ಹೋಗಿಬಿಟ್ಟಿದ್ದ.

ತಂಗಿ ಪಕ್ಕದ ಮನೆಯವರ ಜೊತೆ ಬಂದಾಗ ಅವಳ ಎದೆ ಒಡೆಯಲಿಲ್ಲ, ಡಾಕ್ಟರು ಹೆದರಿಸಿದ್ದೆಲ್ಲ ಸುಳ್ಳಾಯಿತು. ಅವಳು ಮಗನನ್ನು ನೋಡಿ, ಹೊರಗೆ ಬಂದು, ಅಣ್ಣನ ಪಕ್ಕದ ಬೆಂಚಿನ ಮೇಲೆ ಕೂತಳು. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಅವನ ತೋಳು ಮುಟ್ಟಿದಳು.

"ನೀನು ಮಾತು ಉಳಿಸ್ಕೊಂಡೆ ಅಣ್ಣ. ಕೊನೇವರೆಗೂ ಮೋಡ ಅನ್ನಲಿಲ್ಲ. ಅಲ್ಲೀವರೆಗೂ ನನ್ನ ಮಗ ಬದುಕಿದ್ದಾನೆ ಅಂದ್ಕೊಂಡೇ ಕೂತಿದ್ದೆ. ಅಷ್ಟು ಹೊತ್ತಾದ್ರೂ ಕೊಟ್ಟೆಯಲ್ಲ."

ಅವನು ನಿಜ ಹೇಳಬೇಕೆಂದು ಬಾಯಿ ತೆರೆದ. ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. "ಏನೂ ಹೇಳಬೇಡ, ಸುಮ್ನಿರು," ಎಂದಳು. ಅವನು ಸುಮ್ಮನಿದ್ದ. ಹೇಡಿತನಕ್ಕೆ ಅಷ್ಟು ಮೆತ್ತನೆಯ ಕೈ ಆಸರೆಯಾಗಿ ಸಿಕ್ಕಾಗ ಯಾರು ತಾನೇ ತಳ್ಳಿಯಾರು?

ಇನ್ನು ಅವನು ಮೈಕು ಮುಟ್ಟುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಮುಟ್ಟಿದ. ಆದರೆ ಅದು ಹಳೆಯ ಗಂಟಲಣ್ಣನಾಗಿರಲಿಲ್ಲ. ರೇಸು ಶುರುವಾಗುವ ಮೊದಲೇ ಆಕಾಶದಿಂದ ಮಾತು ತೆಗೆದ. ಸುತ್ತು ಸುತ್ತಿಗೂ ಹಿಂದಿನ ಕಿಟಕಿ ನೋಡಿ, ಮೋಡ ಇದ್ದರೆ ಇದೆ ಎಂದ, ಇಲ್ಲದಿದ್ದರೆ ಇಲ್ಲ ಎಂದ. ಗೆಲುವಿನ ಗಳಿಗೆಯಲ್ಲೂ ಮೋಡ, ಟೈರು ಬದಲಿಸುವಾಗಲೂ ಮೋಡ. ಇದೇನು ಕಾರ್ ರೇಸೋ ಹವಾಮಾನ ವರದಿಯೋ ಎಂದು ಚಾನೆಲ್ಲಿನವರು ಗೊಣಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಬರುಬರುತ್ತಾ ಅವನ ಮೋಡಕ್ಕೆ ಯಾವ ಮನೆಯಲ್ಲೂ ಯಾರೂ ಒಲೆ ಆರಿಸದಂತಾಯಿತು. ಬಡ ತಂಡಗಳ ಗ್ಯಾರೇಜುಗಳಲ್ಲಿ ಹಳೆಯ ಟೀವಿಗಳು ಇನ್ನೂ ಜೋರಾಗಿ ಕೂಗುತ್ತಿದ್ದವು. ಪಾನಾ ಮೇಸ್ತ್ರಿ ಮತ್ತೆಂದೂ ಅವನಿಗೆ ಚಹಾ ಕೊಡಿಸಲಿಲ್ಲ.

ಒಂದು ರೇಸು ಮುಗಿದು, ಅವನು ಹೆಡ್‌ಫೋನು ತೆಗೆದು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾಗ ಫೋನು ಬಂತು. ತಂಗಿ. ಅವಳು ಮತ್ತೆ ಟೀವಿ ಹಾಕುತ್ತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

"ಎಲ್ಲಾ ಕೇಳ್ದೆ ಅಣ್ಣ. ಸುತ್ತು ಸುತ್ತಿಗೂ ಆಕಾಶ ಹೇಳ್ತೀಯಲ್ಲ, ಯಾಕೆ?"

"ಸಣ್ಣ ತಂಡದವರಿಗೆ ಬೇಕಾಗತ್ತೆ ಕಣೆ. ಅವರಿಗೆ ಕೆಳಗಿಂದ ಕಾಣಲ್ಲ. ನಾನು ಹೇಳಿದ್ರೆ ಟೈರು ಬದಲಾಯಿಸ್ಕೋತಾರೆ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಅರಿವಾಯಿತು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ಅದು ನಿಂತಿತು.

"ಅವತ್ತು ಮಳೆಗೆ ಮುಂಚೆನೇ ನಿಂಗೆ ಮೋಡ ಕಂಡಿತ್ತಾ ಅಣ್ಣ?" ಎಂದು ಕೇಳಿದಳು.

ಅವನು ಹಿಂದಿನ ಕಿಟಕಿಯ ಕಡೆ ನೋಡಿದ. ಕೆರೆಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು.

"ಕಂಡಿತ್ತು," ಎಂದ.

ಅವಳು ಫೋನು ಇಡಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿಕೊಂಡು, ಅವಳ ಉಸಿರು ಕೇಳುತ್ತಾ ನಿಂತೇ ಇದ್ದ.